ಗಣಿತ ಮೇಷ್ಟ್ರುಗಳಿಗೆ ಲೈಬ್ರರಿ ಕೌಂಟರಿನಿಂದ ಒಂದು ಪತ್ರ

ತುಮಕೂರು ಜಿಲ್ಲೆಯ ಡಿಗ್ರಿ ಕಾಲೇಜುಗಳ ಗಣಿತ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಮತ್ತು ಪ್ರಿನ್ಸಿಪಾಲರಿಗೆ ನಮಸ್ಕಾರ.

ನಾನು ಈ ಜಿಲ್ಲೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಓದಿದ್ದು ಲೈಬ್ರರಿ ಸೈನ್ಸ್. ಗಣಿತಕ್ಕೂ ನನಗೂ ಪಿಯುಸಿಗೇ ಋಣ ಹರಿದಿತ್ತು. ಆದರೂ ಈ ಪತ್ರ ನಿಮಗೇ ಬರೆಯುತ್ತಿದ್ದೇನೆ. ಯಾಕಂದ್ರೆ ಲೈಬ್ರರಿಗೆ ಎಲ್ಲರಿಗಿಂತ ಕಡಿಮೆ ಬರುವವರು ನೀವು. ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದು ಹೇಳುತ್ತಿದ್ದೇನೆ. ಕನ್ನಡ ವಿಭಾಗದವರು ದಿನಾ ಬಂದು ಪೇಪರ್ ತಿರುವುತ್ತಾರೆ. ಕೆಮಿಸ್ಟ್ರಿಯವರು ಜರ್ನಲ್ ಕೇಳುತ್ತಾರೆ. ಕಾಮರ್ಸ್‌ನವರು ಹೊಸ ಟ್ಯಾಕ್ಸ್ ಪುಸ್ತಕ ಬಂತಾ ಅಂತ ವಿಚಾರಿಸುತ್ತಾರೆ. ಗಣಿತದವರಿಂದ ವರ್ಷಕ್ಕೊಮ್ಮೆ ಪುಸ್ತಕದ ಇಂಡೆಂಟ್ ಬರುತ್ತದೆ, ಅದೂ ಹೋದ ವರ್ಷದ ಪಟ್ಟಿಯೇ. ಆಮೇಲೆ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಟೀಮ್ ಬರುವ ಹಿಂದಿನ ವಾರ ನಿಮ್ಮ ದರ್ಶನ.

"ಗಣಿತಕ್ಕೆ ಲೈಬ್ರರಿ ಯಾಕೆ ಮೇಡಂ, ಪೆನ್ನು ಪೇಪರ್ ಇದ್ದರೆ ಸಾಕು" ಅಂತ ಹಿರಿಯ ಮೇಷ್ಟ್ರೊಬ್ಬರು ನಗುತ್ತಾ ಹೇಳಿದ್ದರು. ಬಿಎಸ್ಸಿ ಪರೀಕ್ಷೆ ಬರೆಯಲು ಅದು ಸಾಕೇನೋ. ಆದರೆ ಈಗ ಎಂಎಸ್ಸಿ ಮಕ್ಕಳು ಪ್ರಾಜೆಕ್ಟ್ ಮಾಡುತ್ತಿದ್ದಾರೆ. ಕೆಲವರು ಪಿಎಚ್‌ಡಿ ಮಾಡಬೇಕು ಅಂತಿದ್ದಾರೆ. ಪಾಠ ಮಾಡುತ್ತಲೇ ಸಂಶೋಧನೆಗೆ ನೋಂದಾಯಿಸಿಕೊಂಡ ಅತಿಥಿ ಉಪನ್ಯಾಸಕರೂ ಇದ್ದಾರೆ. ಅವರಿಗೆಲ್ಲ ಬೇರೆಯವರು ಇಲ್ಲಿಯವರೆಗೆ ಏನು ಸಾಧಿಸಿದ್ದಾರೆ ಅನ್ನೋದು ಗೊತ್ತಾಗಬೇಕು. ಅದು ಪೆನ್ನಿನಿಂದ ಗೊತ್ತಾಗುವುದಿಲ್ಲ.

ನಾನು ಹೇಳಬೇಕಾದದ್ದು ಇಷ್ಟೇ. ಗಣಿತದ ಸಂಶೋಧನೆಗೆ ಬೇಕಾದದ್ದರಲ್ಲಿ ಜಾಸ್ತಿ ಪಾಲು ಈಗ ಬಿಟ್ಟಿಯಾಗಿ ಸಿಗುತ್ತದೆ. ಉಳಿದದ್ದರಲ್ಲಿ ಸುಮಾರಷ್ಟಕ್ಕೆ ಸರ್ಕಾರ ಆಗಲೇ ದುಡ್ಡು ಕಟ್ಟಿದೆ. ಅದು ಇದೆ ಅಂತ ಮಕ್ಕಳಿಗೆ ಹೇಳುವವರು ಇಲ್ಲ. ನಾನೊಬ್ಬಳೇ ಹೇಳಿದರೆ ಆಗುವುದಿಲ್ಲ. ಹುಡುಕೋದು ನನಗೆ ಗೊತ್ತು, ಸಿಕ್ಕಿದ್ದರಲ್ಲಿ ಕಾಳು ಯಾವುದು ಜೊಳ್ಳು ಯಾವುದು ಅನ್ನೋದು ನಿಮಗೆ ಗೊತ್ತು. ಇಬ್ಬರೂ ಒಂದೇ ಮೇಜಿನ ಮುಂದೆ ಕೂರಬೇಕು.

ಹೋದ ಸೆಮಿಸ್ಟರ್‌ನಲ್ಲಿ ಎಂಎಸ್ಸಿ ಓದುವ ಒಬ್ಬ ಹುಡುಗಿ ಬಂದಳು. ಮಧುಗಿರಿ ಕಡೆಯವಳು. ಚೀಟಿಯಲ್ಲಿ ‘ಡಾಮಿನೇಷನ್ ಇನ್ ಗ್ರಾಫ್ಸ್’ ಅಂತ ಬರೆದುಕೊಂಡಿದ್ದಳು. ಅದು ಅವಳ ಪ್ರಾಜೆಕ್ಟ್. ಗೂಗಲ್ ಮಾಡಿದ್ದಾಳೆ, ಸಿಕ್ಕ ಪೇಪರನ್ನು ಒತ್ತಿದರೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳಿದೆ. ಅಲ್ಲಿಗೇ ಕೈಬಿಟ್ಟು, ಯಾರಾದರೂ ಸೀನಿಯರ್‌ಗಳ ಹಳೇ ರಿಪೋರ್ಟ್ ಇದ್ದರೆ ಕೊಡಿ ಅಂತ ಕೇಳಲು ಬಂದಿದ್ದಳು. ಅದು ಕಾಪಿ ಹೊಡೆಯೋಕೆ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು.

ಮೊದಲು ಡಾಮಿನೇಷನ್ ಅಂದ್ರೆ ಏನು ಹೇಳಮ್ಮ ಅಂದೆ. ಅವಳು ಚೀಟಿ ತಿರುಗಿಸಿ ಚೆಸ್ ಬೋರ್ಡ್ ಬರೆದಳು. "64 ಮನೆಯಲ್ಲಿ ಒಂದೂ ಬಿಡದ ಹಾಗೆ ಕಾವಲು ಕಾಯಬೇಕು ಅಂದ್ರೆ ಎಷ್ಟು ರಾಣಿ ಬೇಕು ಮೇಡಂ? ಐದು ಸಾಕು. ನಾಲ್ಕರಲ್ಲಿ ಆಗಲ್ಲ. ಮನೆಗಳನ್ನು ಬಿಂದು ಅಂದುಕೊಳ್ಳಿ, ರಾಣಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗೋದಾದ್ರೆ ಅವೆರಡರ ಮಧ್ಯೆ ಗೆರೆ ಎಳೀರಿ. ಅದೇ ಗ್ರಾಫ್." ನನ್ನಂಥವಳಿಗೂ ಅರ್ಥವಾಯಿತು. ವಿಷಯ ಇಷ್ಟು ಚೆನ್ನಾಗಿ ಗೊತ್ತಿರುವ ಹುಡುಗಿ ಹಳೇ ರಿಪೋರ್ಟ್ ಹುಡುಕಿಕೊಂಡು ಬಂದಿದ್ದಳು, ನೋಡಿ.

ಇಬ್ಬರೂ ಕಂಪ್ಯೂಟರ್ ಮುಂದೆ ಕೂತೆವು. ಮೊದಲು ತೆರೆದದ್ದು ಝಡ್‌ಬಿಮ್ಯಾಥ್ ಓಪನ್. ಗಣಿತದ ಪೇಪರುಗಳಿಗೆ ಇದು ದೊಡ್ಡ ಕ್ಯಾಟಲಾಗ್ ಇದ್ದ ಹಾಗೆ. 1931ರಲ್ಲಿ ಜರ್ಮನಿಯಲ್ಲಿ ಮುದ್ರಿತ ಪತ್ರಿಕೆಯಾಗಿ ಶುರುವಾದದ್ದು. ಮೊದಲೆಲ್ಲ ಚಂದಾ ಕಟ್ಟಬೇಕಿತ್ತು. 2021ರ ಜನವರಿಯಿಂದ ಎಲ್ಲರಿಗೂ ಬಿಟ್ಟಿ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಮ್ಯಾಥ್‌ಸೈನೆಟ್ ಇದೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ದುಡ್ಡು ಕಟ್ಟಬೇಕು. ಎರಡರಲ್ಲೂ ಒಂದು ಸೊಗಸಿದೆ. ಬರೀ ಪೇಪರಿನ ಹೆಸರು ಕೊಟ್ಟು ಸುಮ್ಮನಾಗುವುದಿಲ್ಲ. ಎಷ್ಟೋ ಪೇಪರುಗಳಿಗೆ ಇನ್ನೊಬ್ಬ ಗಣಿತಜ್ಞರೇ ಓದಿ ಬರೆದ ನಾಲ್ಕು ಸಾಲಿನ ಪರಿಚಯ ಇರುತ್ತದೆ. ಇದರಲ್ಲಿ ಏನು ಸಾಧಿಸಿದ್ದಾರೆ, ಹಿಂದೆ ಯಾರು ಎಲ್ಲಿಯವರೆಗೆ ಹೋಗಿದ್ದರು ಅಂತ. ಇಂಥ ಸವಲತ್ತು ನಮ್ಮ ಕಾಮರ್ಸ್‌ನವರಿಗೆ ಇಲ್ಲ.

ಅಲ್ಲೇ ಪ್ರತಿ ಪೇಪರಿನ ಪಕ್ಕ ಒಂದು ಕೋಡ್ ಕಾಣುತ್ತದೆ. ಲೈಬ್ರರಿಯವಳಾದ ನನಗೆ ಅದನ್ನು ಕಂಡರೆ ಹಬ್ಬ. ನಮ್ಮ ರ‍್ಯಾಕಿನಲ್ಲಿ ಡ್ಯೂಯಿ ನಂಬರ್ ಪ್ರಕಾರ ಗಣಿತ 510, ಗ್ರಾಫ್ ಥಿಯರಿ 511.5. ಅಲ್ಲಿಗೆ ಮುಗೀತು. ಗಣಿತದವರು ತಮಗೇ ಅಂತ ಬೇರೆ ವರ್ಗೀಕರಣ ಮಾಡಿಕೊಂಡಿದ್ದಾರೆ, ಅದರಲ್ಲಿ 63 ದೊಡ್ಡ ವಿಭಾಗಗಳಿವೆ. ಈಗ ಬಳಕೆಯಲ್ಲಿರುವುದು 2020ರದ್ದು. ಈ ಹುಡುಗಿಯ ಕೋಡ್ 05ಸಿ69. 05 ಅಂದರೆ ಕಾಂಬಿನಟೋರಿಕ್ಸ್, ‘ಸಿ’ ಸೇರಿದರೆ ಗ್ರಾಫ್ ಥಿಯರಿ, 69 ಸೇರಿದರೆ ಡಾಮಿನೇಟಿಂಗ್ ಸೆಟ್ ಮತ್ತು ಅದರ ನಂಟರಿಷ್ಟರು. ಡಾಮಿನೇಷನ್ ಅಂತ ಗೂಗಲ್‌ನಲ್ಲಿ ಹೊಡೆದರೆ ರಾಜಕೀಯ, ಕ್ರಿಕೆಟ್ಟು ಎಲ್ಲ ಬಂದು ಬೀಳುತ್ತವೆ. 05ಸಿ69 ಅಂತ ಹೊಡೆದರೆ ಅವಳ ವಿಷಯ ಮಾತ್ರ. ನಿಮ್ಮಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್‌ನವರು ಇದ್ದರೆ 76ರಲ್ಲಿ ಹುಡುಕಿ. ನಂಬರ್ ಥಿಯರಿಯವರಿಗೆ 11. ಟೋಪಾಲಜಿಯವರಿಗೆ 54 ಮತ್ತು 55. ಮಕ್ಕಳಿಗೆ ಪ್ರಾಜೆಕ್ಟ್ ವಿಷಯ ಕೊಡುವಾಗ ಪಕ್ಕದಲ್ಲಿ ಈ ಕೋಡ್ ಒಂದನ್ನು ಬರೆದು ಕೊಡಿ. ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಆ ಕೋಡ್ ಹಿಡಿದು ಹಿಂದಕ್ಕೆ ಹೋದರೆ ಬೇರು ಸಿಗುತ್ತದೆ. ಡಾಮಿನೇಷನ್ ನಂಬರ್ ಅನ್ನುವ ಹೆಸರು 1962ರಲ್ಲಿ ಬಂದ, ಓಯ್ಸ್ಟೈನ್ ಓರೆ ಅನ್ನುವ ಗಣಿತಜ್ಞರ ಪುಸ್ತಕದ್ದು. 1977ರಲ್ಲಿ ಕೊಕೇನ್ ಮತ್ತು ಹೆಡೆಟ್ನಿಮಿ ಬರೆದ ಪೇಪರಿನ ನಂತರ ಈ ವಿಷಯಕ್ಕೆ ಓಟ ಬಂತು. ಇನ್ನು ಗ್ರಾಫ್ ಥಿಯರಿಯ ಪಾಠ ಶುರುಮಾಡಲು ಗಣಿತಜ್ಞ ಫ್ರಾಂಕ್ ಹರಾರಿಯ ಪುಸ್ತಕ ಸಾಕು. ಅದು ನಮ್ಮ ರ‍್ಯಾಕಿನಲ್ಲೇ ಇತ್ತು, ಇಶ್ಯೂ ಸ್ಲಿಪ್ ಬಹುತೇಕ ಖಾಲಿ. ಗಣಿತದಲ್ಲಿ ಹಳೆಯದು ಹಳಸುವುದಿಲ್ಲ ಅಂತ ನೀವೇ ಹೇಳುತ್ತೀರಿ ಅಲ್ವಾ? ಕೆಮಿಸ್ಟ್ರಿಯಲ್ಲಿ ಹತ್ತು ವರ್ಷದ ಹಿಂದಿನ ಪೇಪರ್ ತೋರಿಸಿದರೆ ಮೂಗು ಮುರಿಯುತ್ತಾರೆ. ಒಮ್ಮೆ ಸಾಧಿಸಿದ ಪ್ರಮೇಯ 1930ರದ್ದಾದರೂ ಪ್ರಮೇಯವೇ. ಬಡ ಲೈಬ್ರರಿಗಳಿಗೆ ಇದೊಂದು ವರ, ಯಾಕಂದ್ರೆ ಬಿಟ್ಟಿ ಸಿಗುವುದರಲ್ಲಿ ಹಳೆಯದೇ ಜಾಸ್ತಿ.

ಅದು ಹೇಗೆ ಬಿಟ್ಟಿಯಾಯಿತು ಅನ್ನುವುದಕ್ಕೂ ಒಂದು ಕಥೆ ಇದೆ. 2012ರ ಜನವರಿಯಲ್ಲಿ ಕೇಂಬ್ರಿಡ್ಜ್‌ನ ಗಣಿತಜ್ಞ ತಿಮೊಥಿ ಗೋವರ್ಸ್, ಎಲ್ಸೆವಿಯರ್ ಪ್ರಕಾಶನದ ಜರ್ನಲ್‌ಗಳಿಗೆ ಇನ್ನು ನಾನು ಬರೆಯುವುದಿಲ್ಲ ಅಂದರು. ಬೆಲೆ ವಿಪರೀತ ಅನ್ನುವುದು ದೂರು. ಸಾವಿರಾರು ಜನ ಸಹಿ ಹಾಕಿದರು. ಅದೇ ವರ್ಷ ಆ ಪ್ರಕಾಶನ ತನ್ನ ಮುಖ್ಯ ಗಣಿತ ಜರ್ನಲ್‌ಗಳ ನಾಲ್ಕು ವರ್ಷ ಹಳೆಯ ಸಂಚಿಕೆಗಳನ್ನು ಎಲ್ಲರಿಗೂ ತೆರೆಯಿತು. ‘ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್’ ಆ ಪಟ್ಟಿಯಲ್ಲಿದೆ. ಡಾಮಿನೇಷನ್ ಮೇಲಿನ ಪೇಪರುಗಳು ಅದರಲ್ಲಿ ರಾಶಿ ರಾಶಿ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯೂ ತನ್ನ ಮುಖ್ಯ ಜರ್ನಲ್‌ಗಳ ಐದು ವರ್ಷ ದಾಟಿದ ಸಂಚಿಕೆಗಳನ್ನು ತೆರೆದಿಟ್ಟಿದೆ. ಫ್ರಾನ್ಸಿನ ಹಳೇ ಜರ್ನಲ್‌ಗಳು ನುಮ್ಡಾಂ ಅನ್ನುವ ತಾಣದಲ್ಲಿ ಸಿಗುತ್ತವೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಗಣಿತ ಜರ್ನಲ್ಲು, 1996ರಿಂದ ಬರುತ್ತಿರುವ ‘ರೆಸೊನೆನ್ಸ್’ ಪತ್ರಿಕೆ ಎರಡರ ಹಳೇ ಸಂಚಿಕೆಗಳೂ ಅವರ ತಾಣದಲ್ಲೇ ಇವೆ. ‘ರೆಸೊನೆನ್ಸ್’ ಬಿಎಸ್ಸಿ ಮಕ್ಕಳೂ ಓದಬಹುದಾದದ್ದು.

ಹೊಸದು ಬೇಕು ಅಂದರೆ ಆರ್ಕೈವ್ (arXiv) ಅನ್ನುವ ಬಿಟ್ಟಿ ತಾಣ ಇದೆ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಅನ್ನುವ ಭೌತವಿಜ್ಞಾನಿ ಶುರುಮಾಡಿದ್ದು. ಗಣಿತದವರಲ್ಲಿ ಎಷ್ಟೋ ಜನ ಜರ್ನಲ್‌ಗೆ ಕಳಿಸುವ ಮೊದಲೇ ಪೇಪರನ್ನು ಅಲ್ಲಿ ಹಾಕುತ್ತಾರೆ. ಹಾಗಾಗಿ ಡಾಲರ್ ಕೇಳುವ ಪೇಪರ್ ಸಿಕ್ಕರೆ, ಅದೇ ಹೆಸರನ್ನು ಆರ್ಕೈವ್‌ನಲ್ಲೊಮ್ಮೆ ಹೊಡೆದು ನೋಡಿ. ಸಿಗದಿದ್ದರೆ ಬರೆದವರ ಸ್ವಂತ ಪುಟ ನೋಡಿ. ಅಲ್ಲೂ ಇಲ್ಲದಿದ್ದರೆ ಅವರಿಗೇ ಒಂದು ಮರ್ಯಾದೆಯ ಇಮೇಲ್ ಬರೆದು ಕೇಳಿ. ತಾವು ಬರೆದದ್ದನ್ನು ಯಾರೋ ಓದುತ್ತಾರೆ ಅಂದರೆ ಯಾರಿಗೆ ಖುಷಿಯಾಗಲ್ಲ ಹೇಳಿ. ಆದರೆ ಆರ್ಕೈವ್‌ನಲ್ಲಿ ಇರುವುದನ್ನೆಲ್ಲ ಬೇರೆಯವರು ಪರಿಶೀಲಿಸಿರುವುದಿಲ್ಲ. ತಪ್ಪಿರುವ ಪ್ರೂಫೂ ಇರಬಹುದು. ಮಕ್ಕಳಿಗೆ ಇದನ್ನು ನಾನು ಹೇಳಿದರೆ ತಲೆ ಅಲ್ಲಾಡಿಸುತ್ತಾರೆ, ನೀವು ಹೇಳಿದರೆ ನಂಬುತ್ತಾರೆ.

ಕೊನೆಗೆ ಶೋಧಗಂಗಾ. ಗುಜರಾತಿನ ಗಾಂಧಿನಗರದಲ್ಲಿರುವ, ಯುಜಿಸಿಯ ಲೈಬ್ರರಿ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಈ ಭಂಡಾರದಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಲಕ್ಷಗಟ್ಟಲೆ ಇವೆ. ಗ್ರಾಫ್ ಥಿಯರಿಯಲ್ಲಿ ಕರ್ನಾಟಕದಲ್ಲಿ ಕೆಲಸ ಮಾಡಿದವರು ಬಹಳ. ಒಳ್ಳೆಯ ಒಂದು ಪ್ರಬಂಧ ತೆಗೆದು ಮೊದಲ ಅಧ್ಯಾಯ ಓದಿದರೆ ಇಡೀ ವಿಷಯದ ಪರಿಚಯ ಸಿಗುತ್ತದೆ, ಹಿಂದಿನ ಆಕರಗಳ ಪಟ್ಟಿ ನೋಡಿದರೆ ಮುಂದೆ ಏನು ಓದಬೇಕು ಅನ್ನೋದೂ ಸಿಗುತ್ತದೆ.

ಮಧ್ಯಾಹ್ನದ ಬೆಲ್ ಹೊಡೆಯುವ ಹೊತ್ತಿಗೆ ಆ ಹುಡುಗಿಯ ಪೆನ್‌ಡ್ರೈವ್ ತುಂಬಿತ್ತು. ಆಗ ಅವಳು ಕೇಳಿದಳು: "ಮೇಡಂ, ಇಷ್ಟರಲ್ಲಿ ಮೊದಲು ಯಾವುದು ಓದಲಿ?" ಅಲ್ಲಿಗೆ ನನ್ನ ಕೆಲಸ ನಿಂತಿತು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸ್ಟಾಫ್ ರೂಮಿನಲ್ಲಿ ಇಂಟರ್ನಲ್ಸ್ ಮಾರ್ಕ್ಸ್ ತುಂಬುತ್ತಿದ್ದರು. ಅವರನ್ನು ದೂರುತ್ತಿಲ್ಲ. ನಿಮ್ಮ ಮೇಲೆ ಎಷ್ಟು ಪೋರ್ಟಲ್‌ಗಳ ಹೊರೆ ಇದೆ ಅಂತ ನೋಡಿದ್ದೇನೆ. ಆದರೂ ಆ ಹೊತ್ತಿನಲ್ಲಿ ಒಬ್ಬ ಗಣಿತದವರು ಪಕ್ಕದಲ್ಲಿ ಇರಬೇಕಿತ್ತು.

ಇನ್ನೆರಡು ಸಣ್ಣ ವಿಷಯ. ಸಂಖ್ಯೆಗಳ ಒಂದು ಸಾಲು ಸಿಕ್ಕಿ ಅದು ಏನು ಅಂತ ಗೊತ್ತಾಗದಿದ್ದರೆ ನೀಲ್ ಸ್ಲೋನ್ ಅವರ ಸಂಖ್ಯಾಸರಣಿ ಕೋಶ ಇದೆ. ವಿದ್ಯಾರ್ಥಿಯಾಗಿದ್ದಾಗ 1964ರಲ್ಲಿ ಕೂಡಿಸಲು ಶುರುಮಾಡಿದ್ದು. 1, 1, 2, 5, 14, 42 ಅಂತ ಹೊಡೆಯಿರಿ, ಕ್ಯಾಟಲಾನ್ ಸಂಖ್ಯೆಗಳು ಅಂತ ಹೆಸರು, ಸೂತ್ರ, ಪೇಪರುಗಳ ಪಟ್ಟಿ ಎಲ್ಲ ಬರುತ್ತದೆ. ಬೆಸೆಲ್, ಗಾಮಾ ಥರದ ಫಂಕ್ಷನ್‌ಗಳ ಸೂತ್ರ ಬೇಕಾದರೆ ಅಮೆರಿಕದ ನಿಸ್ಟ್ ಸಂಸ್ಥೆ 2010ರಲ್ಲಿ ತೆರೆದ ಡಿಜಿಟಲ್ ಕೈಪಿಡಿ ಇದೆ. ಎರಡೂ ಬಿಟ್ಟಿ.

ಈಗ ಪ್ರಿನ್ಸಿಪಾಲರಿಗೆ ಒಂದು ಮಾತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. 2025ರಿಂದ ಜಾರಿಯಲ್ಲಿದೆ. ಸ್ಪ್ರಿಂಗರ್, ಎಲ್ಸೆವಿಯರ್, ವೈಲಿ ಎಲ್ಲ ಇದರೊಳಗೆ ಬಂದವು. ಇದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ಅಂದರೆ ಐಐಟಿಗೆ ಸಿಗುವುದೇ ಪಾವಗಡದ ಸರ್ಕಾರಿ ಕಾಲೇಜಿಗೂ ಸಿಗಬೇಕು. ಆದರೆ ಅದು ತಾನಾಗೇ ಮನೆ ಬಾಗಿಲಿಗೆ ಬರುವುದಿಲ್ಲ. ಕಾಲೇಜು ನೋಂದಾಯಿಸಿಕೊಂಡು ಬಳಕೆದಾರರಿಗೆ ದಾರಿ ಮಾಡಿಕೊಡಬೇಕು. ಅನುದಾನಿತ ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಕೊಡುವ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಯೋಜನೆ ಇದೆ. ಅದಕ್ಕೆ ವರ್ಷಕ್ಕಿಷ್ಟು ಅಂತ ಚಂದಾ ಕಟ್ಟುತ್ತೇವೆ, ವಿದ್ಯಾರ್ಥಿಗಳ ಪಟ್ಟಿ ಏರಿಸಿದರೆ ಒಬ್ಬೊಬ್ಬರಿಗೂ ಲಾಗಿನ್ ಸಿಗುತ್ತದೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಲಾಗಿನ್ ಕೊಟ್ಟದ್ದು ಅಧ್ಯಾಪಕರಿಗೆ ಮಾತ್ರ. ಮಕ್ಕಳಿಗೂ ಕೊಡೋಣ ಅಂದರೆ, "ಅವರಿಗ್ಯಾಕೆ, ಸುಮ್ನೆ ಪಾಸ್‌ವರ್ಡ್ ಹಾಳು ಮಾಡ್ತಾರೆ" ಅಂತ ಉತ್ತರ ಬಂತು. ಚಂದಾ ಕಟ್ಟಿದ ರಸೀದಿ ನ್ಯಾಕ್ ಫೈಲಿನಲ್ಲಿ ಭದ್ರವಾಗಿತ್ತು. ಬಳಸಿದವರ ಲೆಕ್ಕ ತೆಗೆದರೆ ನಾಚಿಕೆಯಾಗಬೇಕು. ನಮ್ಮ ಮಕ್ಕಳು ಬೆಳಿಗ್ಗೆ ಶಿರಾ, ಕುಣಿಗಲ್, ಕೊರಟಗೆರೆ ಬಸ್ಸಿನಲ್ಲಿ ಬಂದು ಸಂಜೆ ಅದೇ ಬಸ್ಸು ಹಿಡಿಯಬೇಕಾದವರು. ಐದು ಗಂಟೆಗೆ ಬೀಗ ಹಾಕುವ ಲೈಬ್ರರಿಯ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವ ಜರ್ನಲ್ ಅವರಿಗೆ ಇದ್ದೂ ಇಲ್ಲದ ಹಾಗೆ. ಮನೆಯಿಂದ, ಮೊಬೈಲಿನಿಂದ ತೆರೆಯುವ ಲಾಗಿನ್ ಬೇಕು.

ಸರಿಯಾದ ಬಾಗಿಲು ತೋರಿಸದಿದ್ದರೆ ಮಕ್ಕಳು ಬೇರೆ ಬಾಗಿಲು ತಟ್ಟುತ್ತಾರೆ. ಟೆಲಿಗ್ರಾಂನಲ್ಲಿ ಯಾರೋ ಹಾಕಿದ ಪಿಡಿಎಫ್ ಬಿಡಿ, ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದಕ್ಕಿಂತ ಕೆಟ್ಟದ್ದು ವಾಟ್ಸ್ಯಾಪಿಗೆ ಬರುವ ಜಾಹೀರಾತು. ಈ ವಾರವೇ ಪೇಪರ್ ಪ್ರಕಟ, ಜೊತೆಗೆ ಸರ್ಟಿಫಿಕೇಟ್, ದುಡ್ಡು ಹಾಕಿ ಅಂತ. ಗಣಿತದ ಪೇಪರನ್ನು ಒಬ್ಬರು ನಿಜವಾಗಿ ಸಾಲು ಸಾಲು ಪರಿಶೀಲಿಸಲು ತಿಂಗಳುಗಟ್ಟಲೆ ಬೇಕು ಅಂತ ನಿಮ್ಮಿಂದಲೇ ಕೇಳಿ ತಿಳಿದಿದ್ದೇನೆ. ಹಾಗಿದ್ದ ಮೇಲೆ ವಾರದಲ್ಲಿ ಯಾರು ಓದುತ್ತಾರೆ? ಮೊದಲು ಒಳ್ಳೆಯ ಜರ್ನಲ್‌ಗಳನ್ನು ಹೆಸರಿಸುವ ಯುಜಿಸಿಯ ಕೇರ್ ಪಟ್ಟಿ ಅಂತ ಒಂದಿತ್ತು, 2025ರಲ್ಲಿ ಅದನ್ನೂ ನಿಲ್ಲಿಸಿದರು. ಯಾವ ಜರ್ನಲ್ ಒಳ್ಳೆಯದು ಅನ್ನುವ ತೀರ್ಮಾನ ಈಗ ನಮ್ಮ ನಮ್ಮ ತಲೆ ಮೇಲೆ ಬಂದಿದೆ. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಜರ್ನಲ್ ಹೆಸರನ್ನು ಝಡ್‌ಬಿಮ್ಯಾಥ್‌ನಲ್ಲಿ ಹುಡುಕಿ. ಗಣಿತದ ಜರ್ನಲ್ ಅಂತ ಹೇಳಿಕೊಂಡು ಅಲ್ಲಿ ಸುಳಿವೇ ಇಲ್ಲದಿದ್ದರೆ ದುಡ್ಡು ಕಟ್ಟುವ ಮೊದಲು ಹತ್ತು ಸಲ ಯೋಚಿಸಿ. ಅಲ್ಲಿದ್ದರೆ ಸಾಕು ಅಂತಲೂ ಅಲ್ಲ. ಅದರಲ್ಲಿ ಬರೆದವರು ಯಾರು ನೋಡಿ, ನಾಲ್ಕು ಪೇಪರ್ ಓದಿ.

ನಿಮ್ಮನ್ನು ಲೈಬ್ರರಿಗೆ ಕರೆಯುವ ಹಕ್ಕು ನನಗೆ ಎಲ್ಲಿಂದ ಬಂತು ಅಂತೀರಾ? ನಮ್ಮ ಕಸುಬಿನ ಗುರು ಎಸ್. ಆರ್. ರಂಗನಾಥನ್ ನಿಮ್ಮವರೇ. ಗಣಿತದ ಎಂಎ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಕೊಯಮತ್ತೂರಿನಲ್ಲಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದು ಅವರ ಐದು ಸೂತ್ರಗಳಲ್ಲಿ ಮೊದಲನೆಯದು. ಅದಕ್ಕೂ ಮುಂಚೆ, 1906ರ ಡಿಸೆಂಬರಿನಲ್ಲಿ ವಿ. ರಾಮಸ್ವಾಮಿ ಅಯ್ಯರ್ ಅನ್ನುವ ಡೆಪ್ಯುಟಿ ಕಲೆಕ್ಟರ್ ಗೆಳೆಯರಿಗೆ ಕಾಗದ ಬರೆದರು. ವಿದೇಶಿ ಗಣಿತ ಪತ್ರಿಕೆಗಳನ್ನು ಒಬ್ಬೊಬ್ಬರೇ ತರಿಸಿಕೊಳ್ಳಲು ಆಗುವುದಿಲ್ಲ, ಎಲ್ಲರೂ ಸೇರಿ ತರಿಸಿ ಹಂಚಿಕೊಂಡು ಓದೋಣ ಅಂತ. ಮರುವರ್ಷ ಹುಟ್ಟಿದ ಆ ಕೂಟವೇ ಇವತ್ತಿನ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ. ಅದರ ಪತ್ರಿಕೆಯಲ್ಲೇ 1911ರಲ್ಲಿ ರಾಮಾನುಜನ್ ಅವರ ಮೊದಲ ಪೇಪರ್ ಬಂದದ್ದು. ಅಂದರೆ ಈ ದೇಶದ ಗಣಿತ ಸಂಘ ಹುಟ್ಟಿದ್ದೇ ಲೈಬ್ರರಿ ತಾಪತ್ರಯದಿಂದ.

ಡಿಸೆಂಬರ್ 22 ಬಂದರೆ ನಮ್ಮ ಕಾಲೇಜುಗಳಲ್ಲಿ ಗಣಿತ ದಿನ ಜೋರು. ಫ್ಲೆಕ್ಸು, ರಂಗೋಲಿ ಸ್ಪರ್ಧೆ, ಕ್ವಿಜ್, ಮುಖ್ಯ ಅತಿಥಿಗೆ ಶಾಲು, ಹಾರ. ಮಾಡಿ, ಬೇಡ ಅನ್ನಲ್ಲ. ಆ ದಿನ ಎರಡು ಗಂಟೆ ಲೈಬ್ರರಿಯಲ್ಲೂ ಇಟ್ಟುಕೊಳ್ಳಿ ಅಂತ ನನ್ನ ಬೇಡಿಕೆ. ಒಂದು ಪ್ರೊಜೆಕ್ಟರ್, ನಾನು, ನಿಮ್ಮಲ್ಲೊಬ್ಬರು. ಮಕ್ಕಳು ತಮ್ಮ ಪ್ರಾಜೆಕ್ಟ್ ವಿಷಯ ಹೇಳಲಿ, ಅವರ ಕಣ್ಣೆದುರೇ ಹುಡುಕೋಣ. ಶಾಲು ಖರ್ಚೂ ಉಳಿಯುತ್ತದೆ.

ಇಂಡೆಂಟ್ ವಿಷಯಕ್ಕೆ ಬಂದರೆ, ಗೈಡು ಮತ್ತು ಪ್ರಶ್ನೆ ಬ್ಯಾಂಕುಗಳ ಜೊತೆ ಈ ವರ್ಷ ಎರಡಾದರೂ ಮೇಲ್ಮಟ್ಟದ ಪುಸ್ತಕ ಬರೆಯಿರಿ. ಕಾಲೇಜಿನ ಗ್ರಾಂಟ್ ಸಾಲದು ಅಂತ ಗೊತ್ತು. ಪರಮಾಣು ಶಕ್ತಿ ಇಲಾಖೆಯ ಅಡಿಯಲ್ಲಿರುವ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಗಣಿತ ಪುಸ್ತಕಗಳಿಗಾಗಿ ಲೈಬ್ರರಿಗಳಿಗೆ ನೆರವು ಕೊಡುತ್ತಾ ಬಂದಿದೆ. ನಿಯಮ ಓದಿ ಅರ್ಜಿ ಬರೆಯೋಣ. ಕಾಗದಪತ್ರದ ಕೆಲಸ ನನಗಿರಲಿ, ಪುಸ್ತಕ ಆರಿಸುವುದು ನಿಮ್ಮದು.

ಎಲ್ಲೂ ಸಿಗದ ಪುಸ್ತಕ ಇದ್ದರೆ ಬೆಂಗಳೂರು ನಮಗೆ ಎಷ್ಟು ದೂರ? ಬೆಳಗಿನ ರೈಲಿಗೆ ಪಾಸಿನವರ ಜೊತೆ ಹೊರಟರೆ ಭಾರತೀಯ ವಿಜ್ಞಾನ ಸಂಸ್ಥೆಯ ಲೈಬ್ರರಿ, ಮೈಸೂರು ರಸ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಯಲಹಂಕದ ಟಿಐಎಫ್‌ಆರ್ ಗಣಿತ ಕೇಂದ್ರ ಎಲ್ಲವೂ ಒಂದು ದಿನದ ದಾರಿ. ಹೊರಗಿನವರಿಗೆ ಓದಲು ಬಿಡುತ್ತಾರಾ ಅಂತ ಮೊದಲೇ ಕೇಳಿಕೊಂಡು, ಪ್ರಿನ್ಸಿಪಾಲರ ಪತ್ರ ಹಿಡಿದು ಹೋಗಬೇಕು. ಆ ಪತ್ರಕ್ಕೆ ಸಹಿ ಹಾಕಲು ದಯವಿಟ್ಟು ಮೂರು ದಿನ ಸತಾಯಿಸಬೇಡಿ ಸರ್. ಹುಡುಗಿಯರು ಒಬ್ಬೊಬ್ಬರೇ ಹೋಗಲು ಮನೆಯಲ್ಲಿ ಬಿಡುವುದಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ವಿಭಾಗದಿಂದಲೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಎಜುಕೇಷನ್ ಟೂರ್ ಅಂತ ಹೇಗೂ ಹೋಗುತ್ತೀರಲ್ಲ.

ಈಗ ತುರ್ತಾಗಿ ಆಗಬೇಕಾದದ್ದು ಒಂದೇ. ಎಂಎಸ್ಸಿ ಮತ್ತು ಕೊನೆಯ ವರ್ಷದ ಬಿಎಸ್ಸಿ ಮಕ್ಕಳ ಹೆಸರು, ಇಮೇಲ್ ಪಟ್ಟಿಯನ್ನು ನಿಮ್ಮ ನಿಮ್ಮ ಕಾಲೇಜಿನ ಗ್ರಂಥಪಾಲಕರಿಗೆ ಕೊಡಿ. ಇಮೇಲ್ ಸರಿಯಾಗಿ ಬರೆಸಿ, ಅರ್ಧಕ್ಕರ್ಧ ಲಾಗಿನ್ ತಪ್ಪು ಇಮೇಲ್‌ನಿಂದಲೇ ಕೆಡುತ್ತದೆ. ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಕಾಲೇಜುಗಳಲ್ಲಿ ಗಣಿತ ವಿಭಾಗದವರೇ ಒಬ್ಬರು ಈ ಕೆಲಸ ವಹಿಸಿಕೊಳ್ಳಿ. ಪಟ್ಟಿ ಏರಿಸುವುದು ಹೇಗೆ ಅಂತ ತೋರಿಸಿಕೊಡಲು ನಾನು ಬರುತ್ತೇನೆ, ಯಾವ ತಾಲ್ಲೂಕಾದರೂ ಸರಿ.

ಇಂತಿ ನಿಮ್ಮ,
ಜಿಲ್ಲೆಯ ಒಬ್ಬ ಗ್ರಂಥಪಾಲಕಿ